ಸೈಕಲ್ ಟೈರಿನ ಗಾಳಿಗೂ ಅಳತೆ ಬೇಕು

ಮಾನ್ಯ ಸಂಪಾದಕರೇ,

ಭಾನುವಾರ ಬೆಳಗಾದರೆ ನಂದಿಬೆಟ್ಟದ ಹಾದಿಯಲ್ಲಿ ಕಾಣುವ ಸೈಕಲ್ ಸವಾರರಲ್ಲಿ ಈಗ ಬೆಂಗಳೂರಿನವರಷ್ಟೇ ಅಲ್ಲ, ನಮ್ಮ ಚಿಕ್ಕಬಳ್ಳಾಪುರದ ಕಾಲೇಜು ಹುಡುಗ ಹುಡುಗಿಯರೂ, ವೈದ್ಯರ ಸಲಹೆಯಂತೆ ನಡುವಯಸ್ಸಿನಲ್ಲಿ ಸೈಕಲ್ ಹತ್ತಿದವರೂ ಇದ್ದಾರೆ. ಆದರೆ ಸಾವಿರಾರು ರೂಪಾಯಿ ಕೊಟ್ಟು ಗೇರ್ ಸೈಕಲ್ ಕೊಳ್ಳುವ ಇವರಿಗೆ ಟೈರಿಗೆ ಎಷ್ಟು ಗಾಳಿ ಹಾಕಬೇಕೆಂಬುದನ್ನು ಹೇಳಿ ಕಳುಹಿಸುವ ರೂಢಿ ಬಹುಪಾಲು ಅಂಗಡಿಗಳಲ್ಲಿ ಇಲ್ಲ.

ಹೆಬ್ಬೆರಳಿನಿಂದ ಒತ್ತಿ, ಕಲ್ಲಿನಂತೆ ಗಟ್ಟಿಯಾಗಿದ್ದರೆ ಗಾಳಿ ಸಾಕು ಎನ್ನುವುದು ವಾಲ್ವಿಗೆ ಪುಟ್ಟ ರಬ್ಬರ್ ಕೊಳವೆ (ವಾಲ್‌ಟ್ಯೂಬ್) ತೊಡಿಸುತ್ತಿದ್ದ ಹಳೆಯ ಸೈಕಲ್ಲುಗಳ ಕಾಲದ ಲೆಕ್ಕ. ತೆಳು ಟೈರಿನಲ್ಲಿ 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದರೂ 100 ಇದ್ದರೂ ಬೆರಳಿಗೆ ಹೆಚ್ಚಿನ ವ್ಯತ್ಯಾಸ ತಿಳಿಯುವುದಿಲ್ಲ. ಇನ್ನು ಕೆಲವರು ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಗರಿಷ್ಠ ಅಂಕಿಯನ್ನೇ ಕಂಪನಿಯ ಅಪ್ಪಣೆಯೆಂದು ತಿಳಿದು ಅಲ್ಲಿಯವರೆಗೂ ತುಂಬಿಸುತ್ತಾರೆ. ಆ ಅಂಕಿ ದಾಟಬಾರದ ಗಡಿ ಮಾತ್ರ. ಅದರೊಳಗೆ ಎಷ್ಟು ಬೇಕೆಂಬುದನ್ನು ಟೈರಿನ ಅಗಲ, ಸವಾರನ ತೂಕ ಮತ್ತು ರಸ್ತೆಯ ಸ್ಥಿತಿಯನ್ನು ನೋಡಿ ನಿರ್ಧರಿಸಬೇಕು. ಸುಮಾರು 70 ಕಿಲೋ ತೂಗುವವರಿಗೆ 28 ಮಿ.ಮೀ. ಟೈರಿನಲ್ಲಿ 70ರಿಂದ 85, ರಸ್ತೆಗೂ ಕಚ್ಚಾ ಹಾದಿಗೂ ಆಗುವ ಹೈಬ್ರಿಡ್ ಸೈಕಲ್ಲಿನ 38 ಮಿ.ಮೀ. ಟೈರಿನಲ್ಲಿ 45ರಿಂದ 60, ಎರಡು ಇಂಚಿನ ಎಂಟಿಬಿ (ಮೌಂಟನ್ ಬೈಕ್) ಟೈರಿನಲ್ಲಿ 30ರಿಂದ 40 ಪಿಎಸ್‌ಐ ಹಾಕಿ ಆರಂಭಿಸಬಹುದು. ಮೈಭಾರ ಹಿಂದಿನ ಚಕ್ರದ ಮೇಲೆ ಹೆಚ್ಚು ಬೀಳುವುದರಿಂದ ಅಲ್ಲಿ ಮೂರು ನಾಲ್ಕು ಪಿಎಸ್‌ಐ ಹೆಚ್ಚಿರಲಿ.

ಗಾಳಿ ಕಡಿಮೆಯಾದರೆ ಗುಂಡಿಗೆ ಬಿದ್ದಾಗ ಟ್ಯೂಬು ನೆಲಕ್ಕೂ ರಿಮ್ಮಿಗೂ ನಡುವೆ ಸಿಕ್ಕಿ ಅಕ್ಕಪಕ್ಕದಲ್ಲಿ ಎರಡು ತೂತು ಬೀಳುತ್ತವೆ. ಇದನ್ನು ಮುಳ್ಳಿನ ಪಂಕ್ಚರ್ ಎಂದು ಭಾವಿಸಿ ಟೈರಿನಲ್ಲಿ ಮುಳ್ಳು ಹುಡುಕುವವರೇ ಹೆಚ್ಚು. ಅತಿಯಾದರೆ ಜಲ್ಲಿ ಎದ್ದ ನಮ್ಮ ರಸ್ತೆಗಳಲ್ಲಿ ಚಕ್ರ ಪುಟಿದು ಹಿಡಿತ ತಪ್ಪುತ್ತದೆ, ಅಂಗೈ ಜೋಮು ಹಿಡಿಯುತ್ತದೆ. ಬೆಟ್ಟದಿಂದ ಇಳಿಯುವಾಗಲಂತೂ ರಿಮ್ ಬ್ರೇಕನ್ನು ಒಂದೇ ಸಮನೆ ಅದುಮಿ ಹಿಡಿದರೆ ರಿಮ್ ಕಾದು ಒಳಗಿನ ಒತ್ತಡ ಮತ್ತಷ್ಟು ಏರುವುದರಿಂದ, ಮೊದಲೇ ಗಡಿ ಮುಟ್ಟಿದ್ದ ಟೈರು ತಿರುವಿನಲ್ಲಿ ಸಿಡಿಯುವ ಅಪಾಯವೂ ಉಂಟು.

ಪೆಟ್ರೋಲ್ ಬಂಕ್‌ನ ಉಚಿತ ಗಾಳಿ ಇದಕ್ಕೆ ಪೂರ್ಣ ಪರಿಹಾರವಲ್ಲ. ಸ್ಕೂಟರಿನಂಥ ದಪ್ಪ ವಾಲ್ವ್ ಇರುವ ಸೈಕಲ್ಲಿಗೆ ಅಲ್ಲಿನ ಪೈಪ್ ಹೊಂದುತ್ತದೆ; ಆದರೆ ಕಾರಿಗೆಂದು ಇಟ್ಟ ಕಂಪ್ರೆಸರ್ ಚಿಕ್ಕ ಟ್ಯೂಬನ್ನು ಕ್ಷಣದಲ್ಲಿ ತುಂಬಿಬಿಡುವುದರಿಂದ ಸ್ವಲ್ಪ ಸ್ವಲ್ಪವೇ ಬಿಟ್ಟು ಅಳೆಯುತ್ತಾ ಹೋಗಬೇಕು. ರೋಡ್ ಸೈಕಲ್ಲುಗಳ ತೆಳು ವಾಲ್ವಿಗೆ ಪೈಪ್ ಕೂರುವುದೇ ಇಲ್ಲ. ಅದಕ್ಕೊಂದು ಪುಟ್ಟ ಹಿತ್ತಾಳೆಯ ಅಡಾಪ್ಟರ್ ಬೇಕು, ಬೆಲೆಯೇನೂ ಹೆಚ್ಚಲ್ಲ.

ಆದ್ದರಿಂದ ಸೈಕಲ್ ಮಾರುವವರು ಕೊಳ್ಳುವವರ ತೂಕ ಕೇಳಿ, ಎರಡೂ ಚಕ್ರಗಳಿಗೆ ಬೇಕಾದ ಅಂಕಿಯನ್ನು ಬಿಲ್ಲಿನ ಮೇಲೆಯೇ ಬರೆದುಕೊಡುವ ಪದ್ಧತಿ ಆರಂಭಿಸಬೇಕು. ಹೆಲ್ಮೆಟ್, ನೀರಿನ ಬಾಟಲಿಗಳ ಜೊತೆಗೆ ಮೀಟರ್ ಇರುವ ಪಂಪನ್ನೂ ತೋರಿಸಬೇಕು. ತೆಳು ಟೈರಿನ ಗಾಳಿ ಸೈಕಲ್ ನಿಂತಲ್ಲೇ ದಿನದಿನಕ್ಕೂ ಇಳಿಯುವುದರಿಂದ ಮನೆಯಲ್ಲಿ ಪಂಪ್ ಇಲ್ಲದೆ ಆಗದು. ನಂದಿಯ ದಾರಿಯಲ್ಲಿರುವ ಬಂಕ್‌ಗಳವರು ಒಂದೆರಡು ಅಡಾಪ್ಟರ್ ಇಟ್ಟುಕೊಳ್ಳಲಿ. ಬೆಟ್ಟದ ಬುಡದಲ್ಲಿ ಎಲ್ಲರೂ ಬಳಸಬಹುದಾದ ಪಂಪ್ ಒಂದನ್ನು ನಿಲ್ಲಿಸುವ ಬಗ್ಗೆ ಪ್ರವಾಸೋದ್ಯಮ ಇಲಾಖೆಯೂ ಯೋಚಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ಸೈಕಲ್ ಸವಾರ, ಚಿಕ್ಕಬಳ್ಳಾಪುರ