ಒಳಗೆ ಏನಿತ್ತು ಅಂತ ಈಗಲಾದರೂ ಹೇಳಿ

ಮಾನ್ಯ ಸಂಪಾದಕರೇ,

ಮೊನ್ನೆ ರಾತ್ರಿ ಗೋದಾಮು ಸಿಡಿದ ಬಗ್ಗೆ ನಿಮ್ಮ ಪತ್ರಿಕೆಯ ವರದಿ ಓದಿದೆ. ‘ಪರಿಸ್ಥಿತಿ ನಿಯಂತ್ರಣದಲ್ಲಿದೆ, ಜನ ಆತಂಕಪಡಬೇಕಿಲ್ಲ’ ಅನ್ನುವ ಅಧಿಕಾರಿಗಳ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ. ನಾನು ಆ ಗೋದಾಮಿನ ಹಿಂದಿನ ಬೀದಿಯವಳು. ನಮ್ಮ ಮುಂಬಾಗಿಲಿಗೆ ಇವತ್ತಿಗೂ ಚಿಲಕ ಕೂರುತ್ತಿಲ್ಲ, ಚೌಕಟ್ಟೇ ಜರುಗಿದೆ. ಟ್ಯಾಂಕಿನ ನೀರಿನ ಮೇಲೆ ಬೂದಿ ಬಣ್ಣದ ಪುಡಿ ಕೆನೆಗಟ್ಟಿದೆ. ಆ ನೀರು ಮುಟ್ಟಬಹುದೋ ಬಾರದೋ, ಹೇಳುವವರು ಒಬ್ಬರೂ ಬಂದಿಲ್ಲ. ನಿಯಂತ್ರಣದಲ್ಲಿ ಇರುವುದು ಯಾವುದು ಅಂತ ಅವರನ್ನೇ ಕೇಳಿ ಬರೆಯಿರಿ.

ಮೊದಲ ಸದ್ದು ಅಷ್ಟೇನೂ ದೊಡ್ಡದಿರಲಿಲ್ಲ. ಎಲ್ಲರ ಹಾಗೆ ನಾವೂ ಕಿಟಕಿಗೆ ಓಡಿದೆವು. ಆಕಾಶ ಕೆಂಪಗಾಗಿತ್ತು. ಅತ್ತೆ ಮಂಚದಿಂದ ಎದ್ದು ಬಂದು ನೋಡುತ್ತಾ ನಿಂತರು. ಹೊಗೆ ಬರುತ್ತೆ ಅಂತ ನಾನು ಅವರನ್ನು ಒಳಕೋಣೆಗೆ ಕರೆದುಕೊಂಡು ಹೋದೆ. ಅಷ್ಟರಲ್ಲಿ ಎರಡನೆಯದು. ನೆಲ ಒಂದು ಸಲ ಮೇಲೆದ್ದು ಕೂತ ಹಾಗಾಯಿತು. ಕಿಟಕಿಯ ಗಾಜಷ್ಟೂ ಮಂಚದ ಮೇಲೆ ಬಿದ್ದಿತ್ತು. ಬೆರಳುದ್ದದ ಒಂದು ಚೂರು ಅತ್ತೆಯ ದಿಂಬಿನೊಳಗೆ ನೆಟ್ಟಗೆ ನಿಂತಿತ್ತು. ಆ ರಾತ್ರಿ ಬರಿಗಾಲಲ್ಲಿ ಹೊರಗೆ ಓಡಿದವರು ನಾವು. ನನ್ನ ಕಾಲಿಗೆ ಹೊಲಿಗೆ ಬಿದ್ದಿದೆ. ಮೂರು ದಿನದಿಂದ ಸಂಬಂಧಿಕರ ಮನೆಯ ನಡುಮನೆಯಲ್ಲಿ ಮಲಗಿದ್ದೇವೆ. ಮಗಳು ಬಾಗಿಲು ಬಡಿದ ಸದ್ದಿಗೂ ಬೆಚ್ಚಿ ಏಳುತ್ತಾಳೆ. ನನಗೂ ನಿದ್ದೆ ಬರುತ್ತಿಲ್ಲ, ಹಾಗಾಗಿ ರಾತ್ರಿಯೆಲ್ಲ ಇದರ ಬಗ್ಗೆಯೇ ಓದುತ್ತಾ ಕೂತಿದ್ದೇನೆ.

ಓದಿದ ಮೇಲೆ ಸಿಟ್ಟು ಇನ್ನೂ ಜಾಸ್ತಿಯಾಗಿದೆ. ಬೆಳಕು ಮೊದಲು ಕಾಣುತ್ತದೆ, ಗಾಳಿಯ ಹೊಡೆತ ಆಮೇಲೆ ಬರುತ್ತದೆ. ನೋಡೋಕೆ ಕಿಟಕಿಗೆ ಬಂದವರಿಗೇ ಗಾಜು ಚುಚ್ಚುವುದು. 1917ರಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಸ್ಫೋಟಕ ತುಂಬಿದ್ದ ಹಡಗು ಉರಿಯುವುದನ್ನು ಕಿಟಕಿಯಿಂದ ನೋಡುತ್ತಿದ್ದ ನೂರಾರು ಜನರ ಕಣ್ಣಿಗೆ ಹೀಗೇ ಪೆಟ್ಟಾಯಿತು. 2015ರಲ್ಲಿ ಚೀನಾದ ಟಿಯಾಂಜಿನ್‌ನಲ್ಲೂ ಕೆಮಿಕಲ್ ಗೋದಾಮು ಸಿಡಿದಾಗ ಮೊದಲ ಸಿಡಿತಕ್ಕಿಂತ ಎರಡನೆಯದೇ ದೊಡ್ಡದು, ನಡುವೆ ಇದ್ದದ್ದು ಬರೀ ಅರ್ಧ ನಿಮಿಷ. ಬೆಂಕಿ ಕಂಡರೆ ಕಿಟಕಿಯಿಂದ ದೂರ ಹೋಗಿ ಅನ್ನುವ ಒಂದು ಮಾತನ್ನು ನಮ್ಮ ಬೀದಿಯವರಿಗೆ ಯಾರಾದರೂ ಒಂದು ದಿನ ಬಂದು ಹೇಳಿದ್ದರಾ?

ನನ್ನನ್ನು ಇನ್ನೂ ಕಾಡುತ್ತಿರುವುದು ಬೇರೆ. ಅಗ್ನಿಶಾಮಕ ದಳದ ಒಬ್ಬ ಹುಡುಗ, ಇಪ್ಪತ್ತೈದು ದಾಟಿರಲಿಕ್ಕಿಲ್ಲ, ಪೈಪು ಹಿಡಿದುಕೊಂಡೇ ನನ್ನ ಹತ್ತಿರ ಓಡಿ ಬಂದು ಕೇಳಿದ: ‘ಅಮ್ಮಾ, ಒಳಗೆ ಏನಿಟ್ಟಿದ್ರು ಗೊತ್ತಾ?’ ನನಗೆ ಏನು ಗೊತ್ತು? ನೀಲಿ ಡ್ರಮ್ಮುಗಳು ಬರುತ್ತವೆ, ಬಿಳಿ ಚೀಲಗಳು ಬರುತ್ತವೆ, ಅಷ್ಟೇ. ಅದನ್ನೇ ಹೇಳಿದೆ. ಅವನು ತಲೆಯಾಡಿಸಿ ಬೆಂಕಿಯ ಕಡೆಗೆ ಓಡಿದ. ಪ್ರಾಣ ಒತ್ತೆ ಇಟ್ಟು ಬಂದ ಹುಡುಗ ಆ ಪ್ರಶ್ನೆಯನ್ನು ಬೀದಿಯಲ್ಲಿ ನಿಂತ ಹೆಂಗಸನ್ನು ಕೇಳಬೇಕಾ? ಕೆಲವು ವಸ್ತುಗಳಿಗೆ ನೀರೇ ಬೀಳಬಾರದು. ಕ್ಯಾಲ್ಸಿಯಂ ಕಾರ್ಬೈಡ್‌ಗೆ ನೀರು ತಾಗಿದರೆ ಹೊತ್ತಿಕೊಳ್ಳುವ ಅಸಿಟಿಲೀನ್ ಅನಿಲ ಬರುತ್ತದೆ. ಏನಿದೆ ಅಂತ ತಿಳಿಯದೆ ಅವನು ನೀರು ಹಾಕಬೇಕೋ ಬೇಡವೋ ಹೇಗೆ ತೀರ್ಮಾನಿಸಬೇಕು?

ಇದಕ್ಕೆ ಪರಿಹಾರ ಒಂದು ಬೋರ್ಡು. ಅಮೆರಿಕದಲ್ಲಿ ವಜ್ರದ ಆಕಾರದ ನಾಲ್ಕು ಬಣ್ಣದ ಗುರುತು ಹಾಕುತ್ತಾರೆ. ನೀಲಿ ಆರೋಗ್ಯಕ್ಕೆ, ಕೆಂಪು ಬೆಂಕಿಗೆ, ಹಳದಿ ಸಿಡಿಯುವ ಗುಣಕ್ಕೆ. ಒಂದೊಂದರಲ್ಲೂ 0ಯಿಂದ 4ರವರೆಗೆ ಅಂಕಿ, 4 ಅಂದರೆ ತುಂಬಾ ಅಪಾಯ. ಕೆಳಗಿನ ಬಿಳಿ ಮನೆಯಲ್ಲಿ ಡಬ್ಲ್ಯು ಅಕ್ಷರದ ಮೇಲೆ ಅಡ್ಡಗೆರೆ ಇದ್ದರೆ ನೀರು ಹಾಕಬೇಡಿ ಅಂತ ಅರ್ಥ. ದೂರದಿಂದಲೇ ಓದಬಹುದು. ನಮ್ಮ ಗೋದಾಮಿನ ಗೇಟಿನ ಮೇಲೆ ಇದ್ದದ್ದು ‘ಅಪ್ಪಣೆಯಿಲ್ಲದೆ ಒಳಗೆ ಬರಬಾರದು’ ಅನ್ನುವ ಒಂದೇ ಸಾಲು.

ಗೊತ್ತಿಲ್ಲದೆ ಹೋಗಿ ಸತ್ತ ಅಗ್ನಿಶಾಮಕರ ಲೆಕ್ಕ ನೋಡಿದರೆ ಹೊಟ್ಟೆ ಉರಿಯುತ್ತದೆ. 1947ರಲ್ಲಿ ಅಮೆರಿಕದ ಟೆಕ್ಸಾಸ್ ಸಿಟಿ ಬಂದರಿನಲ್ಲಿ ಅಮೋನಿಯಂ ನೈಟ್ರೇಟ್ ಅನ್ನುವ ಗೊಬ್ಬರ ತುಂಬಿದ್ದ ಹಡಗಿಗೆ ಬೆಂಕಿ ಬಿತ್ತು. ಸರಕು ನೆನೆದು ಹಾಳಾಗದಿರಲಿ ಅಂತ ನೀರು ಬಿಡದೆ ಬಾಗಿಲು ಮುಚ್ಚಿ ಹಬೆ ಬಿಟ್ಟರು. ಹಡಗು ಸಿಡಿದು ಸುಮಾರು 580 ಜನ ಸತ್ತರು. ಆ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ 28 ಜನರಲ್ಲಿ 27 ಮಂದಿ ಹೋದರು. ಟಿಯಾಂಜಿನ್‌ನಲ್ಲಿ ಸತ್ತ ಮತ್ತು ಕಾಣೆಯಾದ 173 ಜನರಲ್ಲಿ ನೂರಕ್ಕೂ ಹೆಚ್ಚು ಮಂದಿ ಬೆಂಕಿ ಆರಿಸಲು ಹೋದವರು. ಬೈರೂತ್‌ನಲ್ಲಿ 2020ರ ಆಗಸ್ಟ್ 4ರಂದು ಗೋದಾಮಿನ ಬೆಂಕಿ ಆರಿಸಲು ಹೋದ ತಂಡದ 10 ಜನರೂ ಉಳಿಯಲಿಲ್ಲ. ಅಲ್ಲಿ 2,750 ಟನ್ ಅಮೋನಿಯಂ ನೈಟ್ರೇಟ್ ಆರು ವರ್ಷದಿಂದ ಬಿದ್ದಿತ್ತು. ಕಸ್ಟಮ್ಸ್‌ನವರು ಕೋರ್ಟಿಗೆ ಮತ್ತೆ ಮತ್ತೆ ಪತ್ರ ಬರೆದಿದ್ದರು. ಅಧಿಕಾರಿಗಳಿಗೆ ಗೊತ್ತಿತ್ತು, ಯಾರೂ ತೆಗೆಸಲಿಲ್ಲ. ಅದು ಸಿಡಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಸುಮಾರು ಮೂರು ಲಕ್ಷ ಜನ ಮನೆ ಕಳೆದುಕೊಂಡರು.

ಕೆಮಿಕಲ್ಲೇ ಬೇಡ ಅಂತ ನಾನು ಹೇಳುತ್ತಿಲ್ಲ. ಅಮೋನಿಯಂ ನೈಟ್ರೇಟ್ ಗೊಬ್ಬರ, ಹೊಲಕ್ಕೆ ಬೇಕು. ಅದು ತಾನಾಗಿ ಉರಿಯುವುದೂ ಇಲ್ಲ. ಆದರೆ ಉರಿಯುವ ಬೆಂಕಿಗೆ ಆಮ್ಲಜನಕ ಕೊಡುತ್ತದೆ. ಎಣ್ಣೆ, ಮರ, ಕಸ ಸೇರಿದರೆ, ಮುಚ್ಚಿದ ಜಾಗದಲ್ಲಿ ಕಾಯ್ದರೆ, ರಾಶಿಗೆ ರಾಶಿಯೇ ಸಿಡಿಯುತ್ತದೆ. ಅದನ್ನು ಯಾವುದರ ಪಕ್ಕ ಇಡಬಾರದು, ಎಷ್ಟು ಇಡಬೇಕು, ಮನೆಗಳಿಂದ ಎಷ್ಟು ದೂರ ಇರಬೇಕು, ಎಲ್ಲ ಗೊತ್ತಿರುವ ವಿಷಯವೇ. ಟಿಯಾಂಜಿನ್‌ನಲ್ಲಿ ಒಂದು ಕಿಲೋಮೀಟರ್ ದೂರದ ನಿಯಮ ಕಾಗದದಲ್ಲಿತ್ತು. ಅದಕ್ಕಿಂತ ಹತ್ತಿರದಲ್ಲೇ ಅಪಾರ್ಟ್‌ಮೆಂಟುಗಳಲ್ಲಿ ಜನ ಮಲಗಿದ್ದರು.

ಎರಡು ವರ್ಷದ ಹಿಂದೆ ಇದೇ ಗೋದಾಮಿನಿಂದ ಕಣ್ಣುರಿ ಬರುವಂಥ ವಾಸನೆ ಬಂದಾಗ ನಾವು ಹದಿನೆಂಟು ಮನೆಯವರು ಸಹಿ ಹಾಕಿ ಅರ್ಜಿ ಕೊಟ್ಟಿದ್ದೆವು. ಒಂದು ಕಚೇರಿಯವರು ಇದು ನಮಗೆ ಬರೋದಿಲ್ಲ ಅಂದರು. ಇನ್ನೊಂದು ಕಚೇರಿಯವರು ಮೊದಲಿನವರ ಹತ್ತಿರವೇ ಹೋಗಿ ಅಂದರು. ಮೂರನೆಯ ಕಡೆ ಸೀಲು ಹಾಕಿ ಇಸಕೊಂಡರು, ಉತ್ತರ ಇಲ್ಲ. ಕೊನೆಗೆ ಒಬ್ಬ ಅಧಿಕಾರಿ ಕುರ್ಚಿಯಿಂದ ಏಳದೆ ಹೇಳಿದರು: ‘ಇಷ್ಟು ವರ್ಷ ಏನೂ ಆಗಿಲ್ವಲ್ಲಮ್ಮ, ಸುಮ್ನೆ ಯಾಕೆ ಹೆದರ್ತೀರಿ?’ ಜರ್ಮನಿಯ ಒಪ್ಪೌ ಊರಿನ ಗೊಬ್ಬರ ಕಾರ್ಖಾನೆಯಲ್ಲೂ ಹೀಗೇ ಅಂದುಕೊಂಡಿದ್ದರು. ಗೊಬ್ಬರದ ರಾಶಿ ಕಲ್ಲಿನಂತೆ ಗಟ್ಟಿಯಾದಾಗ ಡೈನಮೈಟ್ ಇಟ್ಟು ಸಡಿಲ ಮಾಡುತ್ತಿದ್ದರು. ಸಾವಿರಾರು ಸಲ ಮಾಡಿದ್ದರು, ಏನೂ ಆಗಿರಲಿಲ್ಲ. 1921ರ ಸೆಪ್ಟೆಂಬರ್ 21ರಂದು ಆಯಿತು. ಐನೂರಕ್ಕೂ ಹೆಚ್ಚು ಜನ ಹೋದರು. ಸರಿಯಾಗಿ 80 ವರ್ಷದ ಮೇಲೆ ಅದೇ ದಿನ, 2001ರಲ್ಲಿ, ಫ್ರಾನ್ಸಿನ ಟೂಲೂಸ್‌ನಲ್ಲಿ ಇನ್ನೊಂದು ಗೊಬ್ಬರ ಕಾರ್ಖಾನೆ ಸಿಡಿಯಿತು. ಏನೂ ಆಗಿಲ್ಲ ಅನ್ನುವುದು ಸುರಕ್ಷತೆಗೆ ಸಾಕ್ಷಿ ಅಲ್ಲ ಅಂತ ಆ ಕುರ್ಚಿಯವರಿಗೆ ಯಾರು ಹೇಳಬೇಕು?

ಅದೇ ಅಧಿಕಾರಿಗಳು ನಮ್ಮ ಬೀದಿಯ ದೀಪ ಕೆಟ್ಟು ಆರು ತಿಂಗಳಾದರೂ ನೋಡಿಲ್ಲ. ರಾತ್ರಿಯೆಲ್ಲ ಟ್ಯಾಂಕರುಗಳು ತಿರುವಿನಲ್ಲೇ ನಿಲ್ಲುತ್ತವೆ, ಅದನ್ನೂ ಹೇಳಿದ್ದೆವು. ಮೊನ್ನೆ ಅಗ್ನಿಶಾಮಕ ವಾಹನ ಒಳಗೆ ಬರಲಾಗದೆ ಆ ತಿರುವಿನಲ್ಲೇ ನಿಂತಿತು. ಕತ್ತಲಲ್ಲಿ ಅಷ್ಟು ದೂರದಿಂದ ಪೈಪು ಎಳೆದುಕೊಂಡು ಬಂದರು ಪಾಪ. ದೂರು ಕೊಡುವ ನಂಬರಿಗೆ ನಾನು ಅವತ್ತು ಹನ್ನೊಂದು ಸಲ ಫೋನ್ ಮಾಡಿದ್ದೇನೆ. ಒಂದು ಸಲವೂ ಎತ್ತಲಿಲ್ಲ.

ಅಧಿಕಾರಿಗಳೇ, ಈ ಗೋದಾಮನ್ನು ಮನೆಗಳ ನಡುವಿನಿಂದ ಎತ್ತಿಸಿ. ಅದಕ್ಕೆ ವರ್ಷಗಟ್ಟಲೆ ಬೇಕು ಅಂತ ಹೇಳುತ್ತೀರಿ ಅಂತ ಗೊತ್ತು, ಅಲ್ಲಿಯವರೆಗೆ ಒಳಗೆ ಏನಿದೆ ಅಂತ ಗೇಟಿನ ಮೇಲಾದರೂ ಬರೆಸಿ. ಬರೆಸಿದರೆ ಸಾಕು ಅಂತ ಅಲ್ಲ, ಎರಡೂ ಆಗಬೇಕು. ಲೈಸೆನ್ಸಿಗೆ ಸಹಿ ಹಾಕಿದವರು ಯಾರು, ಒಳಗೆ ಹೋಗಿ ನೋಡಿ ಹಾಕಿದರಾ, ಮೇಜಿನ ಮೇಲೇ ಹಾಕಿದರಾ, ಅದೂ ಹೊರಗೆ ಬರಬೇಕು. ನಾಚಿಕೆ ಅನ್ನುವುದು ಸ್ವಲ್ಪವಾದರೂ ಇದ್ದರೆ ಅವರು ಒಂದು ಸಲ ನಮ್ಮ ಮನೆಗೆ ಬರಲಿ. ಚಿಲಕ ಇಲ್ಲ, ಬಾಗಿಲು ತೆರೆದೇ ಇದೆ. ಅತ್ತೆಯ ದಿಂಬನ್ನು ಗಾಜಿನ ಸಮೇತ ಹಾಗೇ ಎತ್ತಿಟ್ಟಿದ್ದೇನೆ.

ಇಂತಿ,
ಗೋದಾಮಿನ ಹಿಂದಿನ ಬೀದಿಯ ನಿವಾಸಿ