ಅಮ್ಮನ ಮೀಸೆ

ಹಾಸನ
ಭಾನುವಾರ ರಾತ್ರಿ

ಪುಟ್ಟೀ,

ನಾಟಕ ಮುಗಿಸಿ ಮನೆಗೆ ಬಂದೆವು. ನಿನ್ನ ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮುಖದ ಬಣ್ಣ ತೆಗೆಯುತ್ತಾ ಕೂತಿದ್ದಾಳೆ. ಹಣೆಯದು ಹೋಗಿದೆ, ಕಿವಿ ಹಿಂದಿನದು ಹೋಗಿಲ್ಲ. ಮೇಲ್ದುಟಿ ಕೆಂಪಗೆ ಊದಿಕೊಂಡಿದೆ. ಮೀಸೆಯ ಗಮ್ಮು ಅವಳಿಗೆ ಆಗಿಬರಲಿಲ್ಲ. "ಇಪ್ಪತ್ತು ವರ್ಷ ಇದನ್ನ ಹೇಗೆ ತಡ್ಕೊಂಡ್ರಿ?" ಅಂತ ಈಗಷ್ಟೇ ಕೇಳಿದಳು. ನನ್ನದು ಸ್ವಂತ ಮೀಸೆ, ಬರೀ ಕಪ್ಪು ತೀಡುತ್ತಿದ್ದೆ ಅನ್ನೋದೇ ಅವಳಿಗೆ ಮರೆತುಹೋಗಿದೆ.

ಫೋನಿನಲ್ಲಿ ನೀನು ಮೊದಲು ಕೇಳಿದ್ದು "ಜನ ಏನಂದ್ರು?" ಅಂತ. ನಾನು ಹೇಳಿದ್ದು ಅರ್ಧ. ಉಳಿದರ್ಧ ನನ್ನ ಬಗ್ಗೆಯೇ ಇದೆ. ಅದನ್ನು ಬಾಯಿಬಿಟ್ಟು ಹೇಳೋಕೆ ನಾಚಿಕೆ, ಅದಕ್ಕೇ ಕಾಗದ.

2017ರ ಜುಲೈ 16 ನಿನಗೆ ನೆನಪಿರಲೇಬೇಕು. ಅವತ್ತೂ ಭಾನುವಾರ. ನಾನು ಟೀವಿಯಲ್ಲಿ ವಿಂಬಲ್ಡನ್ ಫೈನಲ್ ನೋಡುತ್ತಿದ್ದೆ. ಫೆಡರರ್ ಗೆದ್ದ. ಸ್ವಲ್ಪ ಹೊತ್ತಿಗೆ ಒಳಗಿನ ಕೋಣೆಯಿಂದ ನೀನು ಕಿರುಚಿದೆ. ಮೈಮೇಲೆ ಹಲ್ಲಿ ಬಿತ್ತೇನೋ ಅಂದುಕೊಂಡು ಓಡಿ ಬಂದೆ. ನೀನು ಮೊಬೈಲ್ ತೋರಿಸಿದೆ. ಕಾಡಿನಲ್ಲಿ ಯಾರೋ ಉದ್ದ ಕೋಟು ಹಾಕಿಕೊಂಡು ನಡೆದು ಬರುತ್ತಾರೆ. ತಲೆಗೆ ಮುಸುಕು. ಅಂಗೈಯಲ್ಲಿ ಒಂದು ಬೀಗದ ಕೈ. ಮುಸುಕು ಸರಿಸಿದರೆ ಹೆಂಗಸು. ನಟಿ ಜೋಡಿ ವಿಟ್ಟೇಕರ್. ನಿನ್ನ ಬ್ರಿಟಿಷ್ ಟೀವಿ ಧಾರಾವಾಹಿ ‘ಡಾಕ್ಟರ್ ಹೂ’ಗೆ ಹದಿಮೂರನೇ ಡಾಕ್ಟರ್, ಅಂದರೆ ಅದರ ನಾಯಕ, ಅವರೇ ಅಂದೆ. ನಿನ್ನ ಕಣ್ಣಲ್ಲಿ ನೀರಿತ್ತು.

ನಾನೇನಂದೆ? "ಮುಖ ಬದಲಾದ್ರೆ ಸರಿ, ಗಂಡು ಹೋಗಿ ಹೆಣ್ಣಾದ್ರೆ ಹೇಗೆ? ನಾಳೆ ದುರ್ಯೋಧನನ್ನೂ ಹೆಂಗಸರೇ ಮಾಡ್ತಾರೆ."

ನೀನು ಎರಡು ದಿನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ನಾನಂದ ಆ ‘ನಾಳೆ’ ಇವತ್ತು ಬಂತು, ನಮ್ಮ ಮನೆಯೊಳಗಿಂದಲೇ.

ಆ ಡಾಕ್ಟರ್ ಕಥೆಯನ್ನು ನೀನು ಪೆನ್‌ಡ್ರೈವ್ ಹಾಕಿ ಎಷ್ಟು ಸಲ ತೋರಿಸಿದರೂ ನನ್ನ ತಲೆಗೆ ಹತ್ತಿರಲಿಲ್ಲ. ನೀಲಿ ಪೆಟ್ಟಿಗೆ, ಎರಡು ಹೃದಯದ ಮನುಷ್ಯ, ಕಾಲದಲ್ಲಿ ಹಿಂದೆ ಮುಂದೆ ಓಡಾಟ. ಈಗ ಕೂತು ಓದಿಕೊಂಡೆ. ಓದಿದ ಮೇಲೆ ಇದು ನಮ್ಮ ಕಡೆಯ ನಾಟಕದವರ ಬುದ್ಧಿಯೇ ಅನ್ನಿಸಿತು. 1963ರಲ್ಲಿ ಶುರುವಾದಾಗ ಡಾಕ್ಟರ್ ಆಗಿದ್ದವರು ವಿಲಿಯಂ ಹಾರ್ಟ್‌ನೆಲ್. ಮೂರು ವರ್ಷಕ್ಕೆ ಅವರ ಆರೋಗ್ಯ ಕೆಟ್ಟಿತು. ಆಟ ನಿಲ್ಲಿಸೋ ಹಾಗಿಲ್ಲ, ಪಾತ್ರಧಾರಿಗೆ ಕೈಲಾಗಲ್ಲ. ಆಗ ಬರೆಯುವವರು ಒಂದು ಉಪಾಯ ಹೂಡಿದರು. ಈತ ಭೂಮಿಯವನಲ್ಲ, ಸಾಯೋ ಹೊತ್ತಿಗೆ ಮೈ ಬದಲಾಯಿಸಿಕೊಳ್ಳುತ್ತಾನೆ ಅಂತ. 1966ರಲ್ಲಿ ಪ್ಯಾಟ್ರಿಕ್ ಟ್ರೌಟನ್ ಬಂದರು. ನಮ್ಮೂರಲ್ಲಿ ಕರ್ಣನಿಗೆ ಜ್ವರ ಬಂದ ರಾತ್ರಿ ಶಲ್ಯನಿಗೇ ಕರ್ಣನ ಕಿರೀಟ ಹಾಕಿ ರಂಗಕ್ಕೆ ತಳ್ಳಿದ್ದರಲ್ಲ, ಅದೇ ತರಹ. ವ್ಯತ್ಯಾಸ ಏನಂದರೆ ಅವರು ಅದಕ್ಕೊಂದು ಕಾರಣ ಬರೆದರು, ನಾವು ಬರೀ ಪರದೆ ಎತ್ತಿದೆವು.

ಇನ್ನೊಂದು ವಿಷಯ ನೀನು ಹೇಳಿಯೇ ಇರಲಿಲ್ಲ. ಆ ಧಾರಾವಾಹಿಯ ಮೊದಲ ನಿರ್ಮಾಪಕಿ ಹೆಂಗಸು, ವೆರಿಟಿ ಲ್ಯಾಂಬರ್ಟ್. ಶುರುವಾದಾಗ ಆಕೆಗೆ 27 ವರ್ಷ. ಮೊದಲ ಕಂತು ನಿರ್ದೇಶಿಸಿದವರು ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್. ಅಂದರೆ ಮನೆ ಕಟ್ಟಿದ್ದೇ ಒಬ್ಬ ಹೆಂಗಸು, ಒಬ್ಬ ನಮ್ಮ ಕಡೆಯವನು. ಐವತ್ತು ವರ್ಷ ಆದ ಮೇಲೆ ಅದೇ ಮನೆಯ ಯಜಮಾನಿಕೆ ಹೆಂಗಸಿಗೆ ಬಂದರೆ ಗಲಾಟೆ.

ಗಲಾಟೆ ಅಂದರೆ ಎಂಥದ್ದು! ಇನ್ನು ನೋಡೋದೇ ಇಲ್ಲ ಅಂದವರು, ನಮ್ಮ ಬಾಲ್ಯ ಹಾಳಾಯಿತು ಅಂದವರು. ಕೆಲವು ಪತ್ರಿಕೆಗಳಂತೂ ವಿಟ್ಟೇಕರ್ ಅವರ ಹಳೆ ಸಿನಿಮಾಗಳಿಂದ ಬಟ್ಟೆ ಇಲ್ಲದ ದೃಶ್ಯ ಹುಡುಕಿ ಹಾಕಿದವು. ಥೂ. ಇನ್ನೊಂದು ಕಡೆ ಮುಸುಕು ಸರಿದ ಕೂಡಲೇ ಕುಣಿದಾಡಿದ ಪುಟ್ಟ ಹುಡುಗಿಯರು. ನಮ್ಮ ಮನೆಯಲ್ಲೂ ಒಬ್ಬಳಿದ್ದಳು, ಅವಳು ಪಿಯುಸಿಯಲ್ಲಿದ್ದಳು, ಅಷ್ಟೇ.

ಒಬ್ಬರ ಮಾತು ಮಾತ್ರ ನನಗೆ ನಾಟಿತು. ಐದನೇ ಡಾಕ್ಟರ್ ಆಗಿದ್ದ ಪೀಟರ್ ಡೇವಿಸನ್. ನಟಿ ಒಳ್ಳೆಯವಳೇ, ಆದರೆ ಗಂಡುಹುಡುಗರಿಗೆ ಮಾದರಿಯಾಗಿದ್ದ ಒಂದು ಪಾತ್ರ ಹೋಯಿತಲ್ಲ ಅಂತ ಸ್ವಲ್ಪ ಬೇಸರ, ಅನ್ನೋ ಅರ್ಥದಲ್ಲಿ ಹೇಳಿದರು. ಆರನೇ ಡಾಕ್ಟರ್ ಕಾಲಿನ್ ಬೇಕರ್ ಪಕ್ಕದಲ್ಲೇ ನಿಂತು ಬೈದ ಹಾಗೆ ಉತ್ತರ ಕೊಟ್ಟರು. ಐವತ್ತು ವರ್ಷ ಹುಡುಗರಿಗೇ ಇತ್ತಲ್ಲ, ಸಾಲದೇ ಅಂತ. ನ್ಯಾಯ ಬೇಕರ್ ಕಡೆಗಿದೆ. ಆದರೆ ನನಗೆ ಅರ್ಥವಾಗಿದ್ದು ಡೇವಿಸನ್. ಯಾಕೆಂದರೆ ನಾನೂ ಮಾಜಿ.

ನಮ್ಮ ಕಡೆ ಕುರುಕ್ಷೇತ್ರ ನಾಟಕದಲ್ಲಿ ಪಾತ್ರಕ್ಕೆ ನಾವೇ ದುಡ್ಡು ಕಟ್ಟಬೇಕು, ಗೊತ್ತಲ್ಲ. ದುರ್ಯೋಧನನಿಗೂ ಕೃಷ್ಣನಿಗೂ ರೇಟು ಜಾಸ್ತಿ. ಆಲೂಗೆಡ್ಡೆ ಮಾರಿದ ದುಡ್ಡಲ್ಲಿ ಮೊದಲು ದುರ್ಯೋಧನನ ಕಂತು ಕಟ್ಟಿ, ಆಮೇಲೆ ಸೊಸೈಟಿ ಸಾಲ ಕಟ್ಟಿದವನು ನಾನು. ಹೆಂಗಸರ ಪಾತ್ರಕ್ಕೆ ಊರಿನ ಹೆಂಗಸರನ್ನು ಕರೆಯುತ್ತಿರಲಿಲ್ಲ, ಹೊರಗಿನಿಂದ ನಟಿಯರನ್ನು ದುಡ್ಡು ಕೊಟ್ಟು ಕರೆಸುತ್ತಿದ್ದೆವು. ಅದಕ್ಕೂ ಮೊದಲು ಅದೂ ಇರಲಿಲ್ಲ. ನನ್ನ ತಾತನೇ ಮೀಸೆ ಬೋಳಿಸಿ ದ್ರೌಪದಿ ಆಗಿದ್ದರು. ಬೋಳಿಸಿದ ಮೀಸೆಗಾಗಿ ಅಜ್ಜಿ ಅತ್ತರಂತೆ, ಸೀರೆ ಉಟ್ಟಿದ್ದಕ್ಕೆ ಯಾರೂ ಅಳಲಿಲ್ಲ.

ಮೂರು ತಿಂಗಳ ಹಿಂದೆ ಅಮ್ಮನ ಸಂಘದವರು ಬರೀ ಹೆಂಗಸರೇ ಸೇರಿ ಕುರುಕ್ಷೇತ್ರ ಆಡೋಣ ಅಂತ ತೀರ್ಮಾನ ಮಾಡಿದರು. ಇದೇನು ಹೊಸದಲ್ಲ, ಈಚೆಗೆ ಅಲ್ಲಲ್ಲಿ ಆಡುತ್ತಿದ್ದಾರೆ. ಹಾರ್ಮೋನಿಯಂ ಮೇಷ್ಟ್ರು ಎಲ್ಲರ ದನಿ ಪರೀಕ್ಷೆ ಮಾಡಿದರು. ಅಮ್ಮ ಬಂದು ಸುಮ್ನೆ ಸೊಪ್ಪು ಬಿಡಿಸುತ್ತಾ ಹೇಳಿದಳು, "ನನಗೆ ದುರ್ಯೋಧನ ಬಂತು."

ನಾನು ನಕ್ಕೆ. ತಪ್ಪು ನಗು ಅದು. "ಭಾನುಮತಿ ಮಾಡೇ, ನಿನ್ನ ದನಿಗೆ ಒಪ್ಪುತ್ತೆ" ಅಂದೆ. ಸೊಪ್ಪು ಬಿಡಿಸೋ ಕೈ ನಿಂತಿತು. "ಬೇಲೂರಲ್ಲಿ ಕಲ್ಲಿನ ಹೆಂಗಸಿನ ಕೈಗೆ ಬಿಲ್ಲು ಕೊಟ್ಟು ಒಂಬೈನೂರು ವರ್ಷ ಆಯ್ತು. ನನಗೊಂದು ತಗಡಿನ ಗದೆ ಕೊಡೋಕೆ ನಿಮಗೇನು ಕಷ್ಟ?"

ಸ್ಕೂಲ್ ಟ್ರಿಪ್ಪಿನಲ್ಲಿ ಆ ಬೇಟೆಗಾರ್ತಿ ಮದನಿಕೆ ಕೆಳಗೆ ನಿಂತು ನೀನು ಫೋಟೋ ತೆಗೆಸಿಕೊಂಡಿದ್ದೆ. ಆ ಫೋಟೋ ಫ್ರಿಜ್ ಮೇಲೇ ಇದೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಊರಿನವರ ಹತ್ತಿರ ಮಾತ್ರ ಬೇಕಾದಷ್ಟಿತ್ತು. ಟೀ ಅಂಗಡಿಯಲ್ಲಿ ಒಬ್ಬರು, "ತೊಡೆ ತಟ್ಟೋ ಸೀನು ಹೆಂಗಸು ಮಾಡಿದ್ರೆ ನೋಡೋಕಾಗುತ್ತಾ?" ಇನ್ನೊಬ್ಬರು, "ಹೆಂಗಸರ ಶ್ರುತಿಗೆ ಹಾರ್ಮೋನಿಯಂ ಏರಿಸಿದ್ರೆ ಕೌರವನ ಗತ್ತು ಎಲ್ಲಿರುತ್ತೆ?" ಸೀನರಿ ಬಾಡಿಗೆಗೆ ಕೊಡೋರು ದುಡ್ಡು ಎಣಿಸಿಕೊಂಡು, "ಎದೆಕವಚ ಸೈಜ್ ಬೇರೆ ಹುಡುಕಬೇಕು" ಅಂದರು. ಅವರೊಬ್ಬರ ಮಾತಿನಲ್ಲೇ ಕೆಲಸಕ್ಕೆ ಬರೋ ವಿಷಯ ಇದ್ದದ್ದು. ನನ್ನ ಜೊತೆ ಭೀಮ ಮಾಡುತ್ತಿದ್ದವನು ನನ್ನ ಹೆಗಲ ಮೇಲೆ ಕೈಹಾಕಿ, "ನಿನ್ನ ಪಾತ್ರನೇ ಹೋಯ್ತಲ್ಲೋ" ಅಂದ. ಸಾವಿಗೆ ಬಂದವರು ಮಾತಾಡಿಸೋ ದನಿ. ನಿಜ ಹೇಳುತ್ತೇನೆ ಪುಟ್ಟಿ, ಅವನ ಕೈ ತೆಗೆಯಬೇಕು ಅನ್ನಿಸಲಿಲ್ಲ. ನಾನು ಪಾತ್ರ ಬಿಟ್ಟು ಆರು ವರ್ಷ ಆಗಿತ್ತು. ಮಂಡಿ ನೋವಿಗೆ ನಾನೇ ಬಿಟ್ಟಿದ್ದು, ಯಾರೂ ಕಿತ್ತುಕೊಂಡಿರಲಿಲ್ಲ. ಆ ಆರು ವರ್ಷದಲ್ಲಿ ಮೂವರು ಗಂಡಸರು ಅದೇ ಪಾತ್ರ ಮಾಡಿದರು. ಆಗ ಯಾರೂ ಬಂದು ಹೆಗಲ ಮೇಲೆ ಕೈಹಾಕಿರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಮೈಸೂರಿನ ಆರ್. ನಾಗರತ್ನಮ್ಮನವರ ನೆನಪಾಯಿತು. 1958ರಲ್ಲೇ ಸ್ತ್ರೀ ನಾಟಕ ಮಂಡಳಿ ಕಟ್ಟಿದವರು. ಗಂಡು ಪಾತ್ರವನ್ನೂ ಹೆಂಗಸರೇ ಮಾಡುವ ಕಂಪನಿ. ಡಾಕ್ಟರ್ ಹುಟ್ಟೋದಕ್ಕೆ ಐದು ವರ್ಷ ಮೊದಲು. ಅವರ ಕಂಸನ ಪಾತ್ರಕ್ಕೆ ನಮ್ಮಪ್ಪ ಕೈಮುಗಿಯುತ್ತಿದ್ದರು. ಪದ್ಮಶ್ರೀ ಬಂದಿದ್ದು 2012ರಲ್ಲಿ, ಅದೇ ವರ್ಷ ಹೋಗಿಬಿಟ್ಟರು. ಅಪ್ಪನ ಬಾಯಲ್ಲಿ ಆ ಕಂಸನ ಕಥೆ ಕೇಳಿಕೊಂಡು ಬೆಳೆದವನು ನಾನು, ಹೆಂಡತಿಗೆ ಭಾನುಮತಿ ಮಾಡು ಅಂದೆ. ದೂರದ ಹೆಂಗಸು ಮೀಸೆ ಅಂಟಿಸಿಕೊಂಡರೆ ಕಲೆ, ನಮ್ಮನೆಯವಳು ಅಂಟಿಸಿಕೊಂಡರೆ ಕಸಿವಿಸಿ.

ಮಾರನೇ ದಿನದಿಂದ ಪಾಠ ಹೇಳಿಕೊಟ್ಟೆ. ಹಾಗಂತ ದೊಡ್ಡ ಮನಸ್ಸು ಮಾಡಿದೆ ಅಂದುಕೊಳ್ಳಬೇಡ. ನನ್ನ ಹಾಗೇ ಮಾಡಿಸಬೇಕು ಅನ್ನೋ ಆಸೆ. ನಾನು ರಂಗಕ್ಕೆ ಬರುವಾಗ ಗದೆ ಹೆಗಲ ಮೇಲಿಟ್ಟು ಎರಡು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆ. ಅವಳು ಒಪ್ಪಲಿಲ್ಲ. "ಅದು ನಿಮ್ಮ ಹೊಟ್ಟೆಗೆ ಸರಿ" ಅಂದಳು.

ಇವತ್ತು ಹಾಸನಾಂಬ ಕಲಾಕ್ಷೇತ್ರದಲ್ಲಿ ಬೆಳಗ್ಗೆ ಹತ್ತಕ್ಕೆ ಶುರು. ಬಣ್ಣದ ಕೋಣೆಯಲ್ಲಿ ಅವಳು ಟ್ರಂಕಿನ ಮೇಲೆ ಕೂತಿದ್ದಳು. ಮೀಸೆ ಅಂಟಿಸಿದ್ದು ನಾನೇ. ಒಂದು ಕಡೆ ಅಂಟಿಸಿ ಹತ್ತು ಎಣಿಸಬೇಕು, ಆಮೇಲೆ ಇನ್ನೊಂದು ಕಡೆ. ಆರಕ್ಕೆ ಬಂದಾಗ ಅವಳಿಗೆ ನಗು. ಮೀಸೆ ಬಿತ್ತು. ಮತ್ತೆ ಅಂಟಿಸಿದೆ. ಮತ್ತೆ ನಗು. ಮೂರನೇ ಸಲ ಗದರಿದೆ. ಅವಳು ಕಣ್ಣು ಮುಚ್ಚಿಕೊಂಡಳು. ಎಡ ಹುಬ್ಬಿನ ಮೇಲೆ ಬೆವರು ಬಂದಿತ್ತು, ಕೈ ಸಣ್ಣಗೆ ನಡುಗುತ್ತಿತ್ತು. ಎಷ್ಟು ಹೆದರಿದ್ದಾಳೆ ಅಂತ ಆಗ ಗೊತ್ತಾಯಿತು.

ಹೋದಳು. ಗದೆ ಹೆಗಲ ಮೇಲಿಡಲಿಲ್ಲ. ನೆಲಕ್ಕೆ ತಾಗಿಸಿ ಎಳೆದುಕೊಂಡು ನಡೆದಳು. ಹಲಗೆಯ ಮೇಲೆ ಅದು ಗರಗರ ಅಂತು. ಗಲಗಲ ಅನ್ನುತ್ತಿದ್ದ ಸಭೆ ಆ ಸದ್ದಿಗೆ ಸುಮ್ಮನಾಯಿತು. ಇಪ್ಪತ್ತು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ.

ಶ್ರುತಿಯ ಬಗ್ಗೆ ಹೇಳಿದವರು ಮೊದಲ ಸಾಲಲ್ಲೇ ಕೂತಿದ್ದರು. ಪದ್ಯಕ್ಕೆ ಅವರ ತುಟಿ ಆಡುತ್ತಿತ್ತು. ಮುಗಿದ ಮೇಲೆ ಹೋಗಿ ಕೇಳಿದೆ. "ಎರಡನೇ ಪದ್ಯದಲ್ಲಿ ಉಸಿರು ಸಾಲಲಿಲ್ಲ" ಅಂದರು. ನಿಜ, ಸಾಲಲಿಲ್ಲ. ನನಗೂ ಸಿಟ್ಟು ಬರಲಿಲ್ಲ. ಯಾಕೆಂದರೆ ಅದು ದುರ್ಯೋಧನನ ಬಗ್ಗೆ ಹೇಳಿದ ಮಾತು, ಹೆಂಗಸಿನ ಬಗ್ಗೆ ಅಲ್ಲ. ನಿನ್ನ ಡಾಕ್ಟರ್ ವಿಷಯದಲ್ಲೂ ಹೀಗೇ ಆಯಿತಂತಲ್ಲ. 2018ರ ಅಕ್ಟೋಬರಿನಲ್ಲಿ ಅವರ ಮೊದಲ ಪೂರ್ತಿ ಕಂತನ್ನು ಬ್ರಿಟನ್ನಿನಲ್ಲಿ ಒಂದು ಕೋಟಿಗೂ ಜಾಸ್ತಿ ಜನ ನೋಡಿದರು. ಆಮೇಲೆ ಸಂಖ್ಯೆ ಇಳಿಯಿತು. ಕಥೆ ಸಪ್ಪೆ ಅಂತ ನೀನೇ ಬೈದುಕೊಂಡಿದ್ದೆ. ಹಾಗಂತ ನೀನು ಆ ಗಲಾಟೆಯವರ ಪಕ್ಷ ಆಗಲಿಲ್ಲ. ಆಕೆ 2022ರವರೆಗೆ ಮಾಡಿ ಬಿಟ್ಟುಕೊಟ್ಟರು.

ಆ ಮೊದಲ ಕಂತನ್ನು ಹೋದ ವಾರ ನೋಡಿದೆ. ಶೆಫೀಲ್ಡಿನ ಒಂದು ಶೆಡ್ಡಿನಲ್ಲಿ ಚಮಚ ಕರಗಿಸಿ ತನ್ನ ಸ್ಕ್ರೂಡ್ರೈವರ್ ತಾನೇ ಮಾಡಿಕೊಳ್ಳುತ್ತಾಳಲ್ಲ, ಅದು ಹಿಡಿಸಿತು. ಅಮ್ಮನೂ ನೋಡಿದಳು. "ಇವಳು ಯಾರ ಹತ್ರನೂ ಗದೆ ಕೇಳಲಿಲ್ಲ ನೋಡಿ" ಅಂತ ಚುಚ್ಚಿದಳು.

ಈಗ ಒಂದು ಸಮಾಚಾರ. ಶಾಂತಿಗ್ರಾಮದ ಕಡೆಯ ಒಂದು ಹಳ್ಳಿಯವರು ಜಾತ್ರೆಗೆ ಇದೇ ನಾಟಕ ಬೇಕು ಅಂತ ಬಂದಿದ್ದರು. ಆವತ್ತಾದರೂ ರಜೆ ಹಾಕಿ ಬಾ. ತೊಂದರೆ ಏನಂದರೆ, ದ್ರೌಪದಿ ಮಾಡಿದ್ದವರು ಮುಂದಿನ ಸಲ ಭೀಮನೇ ಬೇಕು ಅಂತ ಹಟ ಹಿಡಿದಿದ್ದಾರೆ. ಬೇರೆ ಯಾರೂ ದ್ರೌಪದಿಗೆ ಒಪ್ಪುತ್ತಿಲ್ಲ. ಎಲ್ಲರಿಗೂ ಗದೆಯೇ ಬೇಕಂತೆ.

ಊಟಕ್ಕೆ ಕೂತಾಗ ಇದನ್ನು ಹೇಳಿ ಅಮ್ಮ ನನ್ನ ಮೀಸೆಯನ್ನೇ ನೋಡುತ್ತಿದ್ದಳು. ನಿನ್ನ ಮುತ್ತಾತನ ಫೋಟೋ ಅಟ್ಟದ ಮೇಲಿದೆ, ನಾಳೆ ಇಳಿಸುತ್ತೇನೆ ಅಂದಳು. ನಾನಿನ್ನೂ ಏನೂ ಹೇಳಿಲ್ಲ. ಮೊಸರು ಹಾಕಿಸಿಕೊಂಡು ಎದ್ದುಬಂದೆ.

ಇಂತಿ,
ನಿನ್ನ ಅಪ್ಪ