ಕಾರಿನ ಹಿಂದಿನ ಸೀಟಿನ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ವಾಹನ ಪುಟ ನಮ್ಮ ಮನೆಯಲ್ಲಿ ಎಲ್ಲರೂ ಓದ್ತೇವೆ, ಈಗ ಆರು ತಿಂಗಳಿಂದ ಅಂತೂ ಕತ್ತರಿಸಿ ಇಟ್ಕೊಂಡು ಓದ್ತಾ ಇದ್ದೇವೆ, ಯಾಕೆಂದ್ರೆ ನಮಗೆ ಹೊಸ ಕಾರು ತೆಗೊಳ್ಳಿಕ್ಕುಂಟು. ಆದ್ರೆ ಒಂದು ವಿಷಯ ನನಗೆ ತುಂಬ ಬೇಜಾರಾಗಿದೆ. ಪ್ರತಿ ಸಲವೂ ಎಂಜಿನ್ ಬಗ್ಗೆ, ಪಿಕಪ್ ಬಗ್ಗೆ, ಸ್ಕ್ರೀನ್ ಎಷ್ಟು ಇಂಚು, ಸನ್‌ರೂಫ್ ಉಂಟಾ ಇಲ್ವಾ ಅಂತ ಅರ್ಧ ಪುಟ ಬರ್ತದೆ, ಹಿಂದಿನ ಸೀಟಿನ ಬಗ್ಗೆ "ವಿಶಾಲವಾಗಿದೆ, ಆರಾಮದಾಯಕ" ಅಂತ ಒಂದೇ ಒಂದು ಸಾಲು. ನಾನು ಕಾರು ಬಿಡುವವಳಲ್ಲ, ಯಾವಾಗ್ಲೂ ಹಿಂದೆ ಕೂತುಕೊಳ್ಳುವವಳು, ಅದೂ ನಡುವಿನ ಜಾಗದಲ್ಲಿ. ಆ ಒಂದು ಸಾಲಿನಲ್ಲಿ ನನಗೆ ಬೇಕಾದದ್ದು ಏನೂ ಇರುದಿಲ್ಲ.

ನಮ್ಮ ಮನೆ ಪೆರ್ಲದ ಹತ್ತಿರ. ಕೇರಳದಲ್ಲಿದ್ರೂ ನಮಗೆ ದೊಡ್ಡ ಆಸ್ಪತ್ರೆ ಅಂದ್ರೆ ಮಂಗಳೂರು, ಜವಳಿ ಅಂದ್ರೆ ಮಂಗಳೂರು, ನೆಂಟರು ಪುತ್ತೂರು ವಿಟ್ಲದಲ್ಲಿ. ಅತ್ತೆಯ ಮೊಣಗಂಟಿನ ಆಪರೇಷನ್ ಕಳೆದ ವರ್ಷ ಆಯ್ತು, ಅಲ್ಲಿಂದ ಇಲ್ಲಿವರೆಗೆ ಎಷ್ಟು ಸಲ ಹೋಗಿ ಬಂದೆವೋ ಲೆಕ್ಕ ಇಲ್ಲ. ನಮ್ಮವರು ಡ್ರೈವ್ ಮಾಡ್ತಾರೆ, ಮಾವ ಮುಂದೆ, ಹಿಂದೆ ಅತ್ತೆ, ನಾನು, ಮಗಳು, ಮಗ, ಡಿಕ್ಕಿಯಲ್ಲಿ ಮಡಚುವ ವೀಲ್‌ಚೇರು, ಬರುವಾಗ ಸಾಮಾನು. ಜಂಬ್ರದ, ಅಂದ್ರೆ ಸಮಾರಂಭದ ದಿನ ಆದ್ರೆ ನಾದಿನಿಯೂ ಸೇರಿ ಏಳು ಜನ. ಈಗ ಇರುವ ಹಳೆ ಸಣ್ಣ ಕಾರಿನಲ್ಲಿ ಇದು ಆಗುವ ಕೆಲಸ ಅಲ್ಲ, ಮಕ್ಕಳು ಒಬ್ಬರ ಮೇಲೆ ಒಬ್ಬರು ಕೂತು ಬೆಲ್ಟೂ ಇಲ್ಲದೆ ಹೋಗುದು ನೋಡುವಾಗ ನನಗೆ ಹೆದರಿಕೆ ಆಗ್ತದೆ.

ಶುರುವಿಗೆ ಎಲ್ಲರ ಹಾಗೆ ನಾವೂ ಎತ್ತರದ ಕಾರುಗಳನ್ನೇ ನೋಡಿದ್ದು, ಈಗ ಕ್ರಾಸ್‌ಓವರ್ ಅಂತಾರಲ್ಲ, ಎಸ್‌ಯುವಿ ಹಾಗೆ ಕಾಣುವಂಥದ್ದು. ಹೊರಗಿಂದ ನೋಡಿದ್ರೆ ಎಷ್ಟು ದೊಡ್ಡದು ಅಂತ ಅನಿಸ್ತದೆ. ಒಂದು ಶೋರೂಮಿನಲ್ಲಿ ಅತ್ತೆಯನ್ನು ಹಿಂದೆ ಕೂರಿಸಿ ನೋಡಿದೆವು. ಹತ್ತುವಾಗ್ಲೇ ಕಾಲು ಎತ್ತಲಿಕ್ಕೆ ಕಷ್ಟ ಆಯ್ತು, ಹತ್ತಿ ಕೂತ ಮೇಲೆ ಮೊಣಗಂಟು ಮೇಲಕ್ಕೆ, ತೊಡೆಯ ಅಡಿಯಲ್ಲಿ ಸೀಟು ತಾಗುದೇ ಇಲ್ಲ, ಪೂರಾ ಭಾರ ಸೊಂಟದ ಮೇಲೆ. ಐದು ನಿಮಿಷಕ್ಕೇ "ಸಾಕು ಮಗಾ, ಇಳಿಸು" ಅಂದರು. ಯಾಕೆ ಹೀಗೆ ಅಂತ ಆಮೇಲೆ ಸರಿಯಾಗಿ ನೋಡಿದಾಗ ಗೊತ್ತಾಯ್ತು. ಕಾರಿನ ಅಡಿಭಾಗ ನೆಲದಿಂದ ಮೇಲೆ ಇರ್ಲಿ ಅಂತ ಇಡೀ ಫ್ಲೋರನ್ನೇ ಎತ್ತರಿಸ್ತಾರೆ, ಆದ್ರೆ ತಲೆಗೆ ಕಾರಿನ ಮೇಲಿನ ಮಾಡು ತಾಗಬಾರದು ಅಂತ ಸೀಟನ್ನು ಅಷ್ಟೇ ಎತ್ತರಿಸ್ಲಿಕ್ಕೆ ಆಗುದಿಲ್ಲ, ಹಾಗಾಗಿ ಪಾದ ಇಡುವ ಜಾಗಕ್ಕೂ ಸೀಟಿಗೂ ನಡುವೆ ಎತ್ತರ ಕಡಿಮೆ ಆಗ್ತದೆ, ಮಣೆಯ ಮೇಲೆ ಕೂತ ಹಾಗೆ. ಎಲೆಕ್ಟ್ರಿಕ್ ಕಾರಲ್ಲಿ ಅಡಿಯಲ್ಲಿ ಬ್ಯಾಟರಿ ಇರುದ್ರಿಂದ ಕೆಲವದರಲ್ಲಿ ಇದು ಇನ್ನೂ ಜಾಸ್ತಿ. ಸನ್‌ರೂಫ್ ಇದ್ರೆ ಅದರ ಚೌಕಟ್ಟಿಗೆ ಮಾಡಿನಲ್ಲಿ ಒಂದಿಷ್ಟು ಜಾಗ ಹೋಗ್ತದೆ, ಉದ್ದ ಇರುವವರ ತಲೆಗೆ ಅದು ಗೊತ್ತಾಗ್ತದೆ.

ಇನ್ನೊಂದು ಅಂದ್ರೆ ವೀಲ್‌ಬೇಸ್. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಉದ್ದ ಇದು, ಒಳಗೆ ಕಾಲು ಚಾಚುವ ಜಾಗ ಬಹುಪಾಲು ಇದರ ಮೇಲೆಯೇ ನಿಂತಿರುದು. ಎತ್ತರದ ಕಾರುಗಳಲ್ಲಿ ಮಾರುತಿ ಬ್ರೆಝಾದ ವೀಲ್‌ಬೇಸ್ 2500 ಮಿಲಿಮೀಟರ್, ಹ್ಯುಂಡೈ ಕ್ರೆಟಾದ್ದು 2610, ಮೂರು ಸಾಲು ಸೀಟಿನ ಕಾರುಗಳಲ್ಲಿ ಮಾರುತಿ ಎರ್ಟಿಗಾದ್ದು 2740, ಕಿಯಾ ಕಾರೆನ್ಸ್‌ನದ್ದು 2780. ಅಂದ್ರೆ ಬ್ರೆಝಾಕ್ಕೂ ಎರ್ಟಿಗಾಕ್ಕೂ ಹೆಚ್ಚುಕಡಿಮೆ ಒಂದು ಗೇಣು ವ್ಯತ್ಯಾಸ. ಆದ್ರೆ ಅಗಲ ನೋಡಿದ್ರೆ ಕಥೆ ಉಲ್ಟಾ, ಬ್ರೆಝಾ ಕ್ರೆಟಾ ಎರಡೂ 1790 ಮಿಲಿಮೀಟರ್, ಎರ್ಟಿಗಾ 1735 ಮಾತ್ರ. ಎರಡು ಇಂಚಿನ ಮೇಲೆ ಕಮ್ಮಿ, ಮೂರು ಜನ ದೊಡ್ಡವರು ಒಟ್ಟಿಗೆ ಕೂತಾಗ ಈ ಎರಡು ಇಂಚು ಎಂತದ್ದು ಅಂತ ನಡುವೆ ಕೂತವರನ್ನು ಕೇಳಬೇಕು. ಹಾಗಾಗಿ ಇದು ಒಳ್ಳೇದು ಅದು ಹಾಳು ಅಂತ ನಾನು ಹೇಳ್ತಾ ಇಲ್ಲ, ಮೂರು ಜನಕ್ಕೆ ಅಗಲ ಬೇಕು, ವಯಸ್ಸಾದವರಿಗೆ ಉದ್ದ ಬೇಕು, ಎರಡೂ ಯಾವುದರಲ್ಲಿ ಎಷ್ಟು ಉಂಟು ಅಂತ ಒಂದು ಕಡೆ ಬರೆದು ಕೊಟ್ರೆ ನಮ್ಮಂಥವರು ಲೆಕ್ಕ ಹಾಕ್ಕೊಳ್ತೇವೆ.

ಏಳು ಸೀಟಿನ ಕಾರಿನ ಮೂರನೇ ಸಾಲಿನ ಬಗ್ಗೆ ಮಾತ್ರ ನಾನು ಸ್ವಲ್ಪ ಕಟುವಾಗಿಯೇ ಹೇಳ್ಬೇಕು. ಒಂದು ಮದುವೆಗೆ ನೆಂಟರ ಏಳು ಸೀಟಿನ ಕಾರಿನಲ್ಲಿ ಪೆರ್ಲದಿಂದ ಅಡ್ಕಸ್ಥಳ, ವಿಟ್ಲ, ಕಲ್ಲಡ್ಕ ದಾಟಿ ಹೋಗಿದ್ದೆವು, ನಾನು ಮತ್ತು ಮಗ ಹಿಂದಿನ ತುದಿಯಲ್ಲಿ. ಸೀರೆ ಉಟ್ಟುಕೊಂಡು ನಡುವಿನ ಸೀಟು ಮಡಚಿ ಆ ಸಂದಿಯಲ್ಲಿ ನುಗ್ಗಿ ಒಳಗೆ ಹೋಗುದು ಎಷ್ಟು ಕಷ್ಟ ಅಂತ ಇದನ್ನೆಲ್ಲ ಡಿಸೈನ್ ಮಾಡುವವರು ಒಂದು ಸಲ ಮಾಡಿ ನೋಡ್ಬೇಕು. ಕೂತ ಮೇಲೆ ಮೊಣಗಂಟು ಎದೆಗೆ ಬರ್ತದೆ, ಎರಡೂ ಬದಿ ಚಕ್ರದ ಉಬ್ಬು ಒಳಗೆ ಬಂದು ಭುಜಕ್ಕೆ ಒತ್ತುತ್ತದೆ, ಮತ್ತೆ ಆ ಕುಲುಕಾಟ! ಹಿಂದಿನ ಆಕ್ಸಲ್ಲಿನ (ಎರಡು ಚಕ್ರ ಜೋಡಿಸುವ ದಂಡದ) ಮೇಲೆಯೇ ಇಲ್ಲಾ ಅದರಿಂದಲೂ ಹಿಂದೆ ಕೂತದ್ದಕ್ಕೆ ಹಂಪು ಬಂದಾಗೆಲ್ಲ ನಾವು ಹಾರುದು, ಬಸ್ಸಿನ ಲಾಸ್ಟ್ ಸೀಟಿನಲ್ಲಿ ಆಗುದೂ ಇದೇ. ಎರಡು ಆಕ್ಸಲ್ಲಿನ ನಡುವೆ ಕೂತವರಿಗೆ ಅಷ್ಟು ಗೊತ್ತಾಗುದಿಲ್ಲ. ಮಗ ತಿರುವಿನಲ್ಲಿ ಎರಡು ಸಲ ವಾಂತಿ ಮಾಡಿದ, ಹಿಂದೆ ಕಿಟಕಿಯ ಗ್ಲಾಸ್ ಇಳಿಯುದೂ ಇಲ್ಲ. ಅದು ಏಳು ಸೀಟು ಅಲ್ಲ, ಐದು ದೊಡ್ಡವರು ಎರಡು ಸಣ್ಣ ಮಕ್ಕಳು ಅಂತ ಸ್ಪಷ್ಟ ಬರೆಯಬೇಕು.

ಡಿಕ್ಕಿಯ ಲೆಕ್ಕವೂ ಹಾಗೆಯೇ. ಎರ್ಟಿಗಾದ ಡಿಕ್ಕಿ ಮೂರನೇ ಸೀಟು ಎತ್ತಿದ್ದಾಗ 209 ಲೀಟರ್, ಅದನ್ನು ಮಡಚಿದ್ರೆ 550. ಕಾರೆನ್ಸ್ ಎಲ್ಲ ಸೀಟು ಎತ್ತಿದ್ರೆ 216. ಕ್ರೆಟಾ 433, ಬ್ರೆಝಾ 328. ಅಂದ್ರೆ ಏಳು ಜನ ಹೋಗುದಾದ್ರೆ ಏಳು ಜನರ ಬ್ಯಾಗು ಹೋಗುದಿಲ್ಲ, ವೀಲ್‌ಚೇರಿನ ಮಾತೇ ಇಲ್ಲ. ಈ ಲೀಟರ್ ಅನ್ನುದು 20 ಸೆಂಟಿಮೀಟರ್ ಉದ್ದ, 10 ಅಗಲ, 5 ದಪ್ಪದ ತುಂಡುಗಳನ್ನು ತುಂಬಿಸಿ ಅಳೆಯುವ ಪದ್ಧತಿಯಂತೆ, ಒಂದು ತುಂಡು ಅಂದ್ರೆ ಒಂದು ಲೀಟರ್. ಸಣ್ಣ ತುಂಡು ಆದ್ರೆ ಮೂಲೆ ಮೂಲೆಗೂ ಹೋಗಿ ಕೂರ್ತದೆ, ವೀಲ್‌ಚೇರ್ ಮೂಲೆಗೆ ಹೋಗುದಿಲ್ಲ, ಅಡಿಕೆ ಗೋಣಿಯೂ ಹೋಗುದಿಲ್ಲ, ಹಲಸಿನ ಹಣ್ಣೂ ಹೋಗುದಿಲ್ಲ. ನಮಗೆ ಬೇಕಾದ್ದು ಡಿಕ್ಕಿ ಎಷ್ಟು ಉದ್ದ, ಬಾಗಿಲಿನ ಅಗಲ ಎಷ್ಟು, ನೆಲದಿಂದ ಎಷ್ಟು ಮೇಲೆ ಎತ್ತಿ ಇಡ್ಬೇಕು ಅನ್ನುದು. ಎತ್ತರದ ಕಾರಿನಲ್ಲಿ ವೀಲ್‌ಚೇರನ್ನು ಸೊಂಟದ ಮಟ್ಟಕ್ಕೆ ಎತ್ತಿ ಮತ್ತೆ ಒಳಗೆ ಇಳಿಸ್ಬೇಕು, ನಮ್ಮವರಿಗೆ ಬೆನ್ನುನೋವು, ಈ ಕೆಲಸ ಮಾಡುದು ನಾನೇ. ಗ್ಯಾಸಿನಲ್ಲಿ ಓಡುವ ಸಿಎನ್‌ಜಿ ಕಾರು ಆದ್ರೆ ಅರ್ಧ ಡಿಕ್ಕಿ ಸಿಲಿಂಡರಿಗೇ ಹೋಗ್ತದೆ. ಟಾಟಾದವರು 2023ರಿಂದ ಎರಡು ಸಣ್ಣ ಸಿಲಿಂಡರ್ ಮಾಡಿ ಡಿಕ್ಕಿಯ ಅಡಿಗೆ ಇಡ್ತಾರೆ, ಅದು ನಿಜವಾಗ್ಲೂ ಒಳ್ಳೆ ಬುದ್ಧಿ.

ಇದೆಲ್ಲ ನೋಡುವಾಗ ನನಗೆ ನೆನಪಾಗುದು ಸ್ಟೇಷನ್ ವ್ಯಾಗನ್. ವ್ಯಾಗನ್ ಆರ್ ಅಲ್ಲ, ಅದು ಎತ್ತರದ ಸಣ್ಣ ಕಾರು. ನಾನು ಹೇಳುದು ಸೆಡಾನಿನಷ್ಟೇ ತಗ್ಗು ಇದ್ದು ಮಾಡು ಹಿಂದಿನವರೆಗೆ ಉದ್ದಕ್ಕೆ ಹೋಗ್ತದಲ್ಲ, ಅಂಥದ್ದು. 1992ರಲ್ಲಿ ಟಾಟಾ ಎಸ್ಟೇಟ್ ಬಂತು, ಆಮೇಲೆ ಮಾರುತಿಯ ಬಲೆನೋ ಆಲ್ಟುರಾ, 2004ರಲ್ಲಿ ಇಂಡಿಗೋ ಮರೀನಾ. ನಮ್ಮ ಚಿಕ್ಕಪ್ಪನಲ್ಲಿ ಒಂದು ಮರೀನಾ ಇತ್ತು, ಅಜ್ಜಿ ಬಗ್ಗದೆ ಹತ್ತದೆ ಕುರ್ಚಿಯಲ್ಲಿ ಕೂತ ಹಾಗೆ ಕೂತು ಕಾಲು ಒಳಗೆ ತೆಗೊಳ್ತಿದ್ದರು, ಹಿಂದಿನ ಬಾಗಿಲು ತೆಗೆದ್ರೆ ಎರಡು ಗೋಣಿ ಉದ್ದಕ್ಕೆ ಮಲಗಿಸಿ ಇಡ್ಲಿಕ್ಕೆ ಆಗ್ತಿತ್ತು. ತಗ್ಗಿನ ಕಾರು ಆದ್ದರಿಂದ ತಿರುವಿನಲ್ಲಿ ವಾಲುದೂ ಕಡಿಮೆ. ಆದ್ರೆ ಜನ ಅದನ್ನು ಶವದ ಗಾಡಿಯ ಹಾಗೆ ಕಾಣ್ತದೆ ಅಂತ ಹೇಳಿ ತೆಗೊಳ್ಳಲೇ ಇಲ್ಲ, ಕಂಪೆನಿಯವರು ನಿಲ್ಲಿಸಿಬಿಟ್ಟರು.

ಚಂದದ ಪ್ರಶ್ನೆ ಮಾತ್ರ ಅಲ್ಲ, ಸರ್ಕಾರದ ತೆರಿಗೆಯೂ ಉಂಟು. 2006ರ ಬಜೆಟ್‌ನಲ್ಲಿ 4 ಮೀಟರ್ ಒಳಗಿನ, ಸಣ್ಣ ಎಂಜಿನ್ನಿನ ಕಾರಿಗೆ ಅಬಕಾರಿ ಸುಂಕ 24ರಿಂದ 16 ಪರ್ಸೆಂಟಿಗೆ ಇಳಿಸಿದ್ರಲ್ಲ, ಅಲ್ಲಿಂದ ಎಲ್ಲರೂ ಕಾರಿನ ಬಾಲ ಕತ್ತರಿಸ್ಲಿಕ್ಕೆ ಶುರು ಮಾಡಿದ್ದು. 2008ರಲ್ಲಿ ಬಂದ ಸ್ವಿಫ್ಟ್ ಡಿಝೈರ್ 4160 ಮಿಲಿಮೀಟರ್ ಉದ್ದ ಇತ್ತು, ಡಿಕ್ಕಿ 440 ಲೀಟರ್, 2012ರದ್ದು 3995ಕ್ಕೆ ಇಳಿದಾಗ ಡಿಕ್ಕಿ 316 ಆಯ್ತು. ಈಗಲೂ 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಒಳಗಿದ್ದು ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ 1500 ಸಿಸಿ ದಾಟದಿದ್ರೆ ಜಿಎಸ್‌ಟಿ 18 ಪರ್ಸೆಂಟ್, ಉದ್ದ ಇಲ್ಲಾ ಎಂಜಿನ್ ಯಾವುದಾದ್ರೂ ಒಂದು ದಾಟಿದ್ರೂ 40. ದೊಡ್ಡ ಕುಟುಂಬದವರು ಶೋಕಿಗೆ ಉದ್ದದ ಕಾರು ಕೇಳುದಲ್ಲ. ಅತ್ತೆ ಮಾವನನ್ನು ಮನೆಯಲ್ಲಿ ಬಿಟ್ಟು ಹೋಗ್ಲಿಕ್ಕೆ ಮನಸ್ಸಿಲ್ಲದವರು ಜಾಸ್ತಿ ತೆರಿಗೆ ಕಟ್ಟಬೇಕು ಅಂತ ಆಗಿದೆ. ಇದನ್ನೂ ನಿಮ್ಮ ಪತ್ರಿಕೆ ಬರೆಯಬೇಕು ಅಂತ ನನ್ನ ಆಸೆ.

ಸೀಟಿನ ಬಟ್ಟೆ ಬಗ್ಗೆಯೂ ಒಂದು ಮಾತು. ನಮ್ಮ ಈ ಸೆಕೆಗೆ ಕಪ್ಪು ರೆಕ್ಸಿನ್ ಥರದ ಸೀಟು ಯಾಕೆ ಹಾಕ್ತಾರೋ, ಬಿಸಿಲಲ್ಲಿ ನಿಲ್ಲಿಸಿದ ಕಾರಿಗೆ ಹತ್ತಿದ್ರೆ ಸುಡ್ತದೆ, ಬೆವರಿಗೆ ಬೆನ್ನು ಅಂಟಿಕೊಳ್ತದೆ. ಬಟ್ಟೆ ಸೀಟೇ ಒಳ್ಳೇದು ಅಂತ ನಮ್ಮಲ್ಲಿ ಎಲ್ಲರ ಅಭಿಪ್ರಾಯ, ಆದ್ರೆ ತುಂಬ ಕಾರುಗಳಲ್ಲಿ ಅದು ಕೆಳಗಿನ ಮಾಡೆಲಿನಲ್ಲಿ ಮಾತ್ರ, ಅದರಲ್ಲಿ ಕೆಲವು ಸಲ ಹಿಂದೆ ಎಸಿ ಗಾಳಿಯೇ ಇರುದಿಲ್ಲ.

ನನ್ನ ವಿನಂತಿ ಇಷ್ಟು. ಕಾರು ಟೆಸ್ಟ್ ಮಾಡುವ ನಿಮ್ಮ ವರದಿಗಾರರು ಒಂದು ಅರ್ಧ ಗಂಟೆ ಹಿಂದಿನ ಸೀಟಿನಲ್ಲಿ, ಸಾಧ್ಯವಾದ್ರೆ ನಡುವೆ ಕೂತು ಹೋಗ್ಲಿ, ನೆಲದಿಂದ ಸೀಟು ಎಷ್ಟು ಮೇಲೆ ಉಂಟು, ಒಳಗಿನ ಫ್ಲೋರಿನಿಂದ ಸೀಟು ಎಷ್ಟು ಮೇಲೆ ಉಂಟು, ಭುಜದ ಹತ್ತಿರ ಒಳಗೆ ಎಷ್ಟು ಅಗಲ, ನಡುವೆ ಕಾಲಿಡುವಲ್ಲಿ ದಿಣ್ಣೆ ಉಂಟಾ, ನಡುವಿನವರಿಗೆ ಹೆಗಲ ಮೇಲಿಂದ ಬರುವ ಸರಿಯಾದ ಬೆಲ್ಟ್ ಮತ್ತು ತಲೆಗೆ ಆಸರೆ ಉಂಟಾ, ಟೇಪು ಹಿಡಿದು ಅಳೆದು ಬರೀಲಿ. ಇಲ್ಲಿ ಶೋರೂಮಿಗೆ ಹೋದ್ರೆ ಬ್ರೋಷರ್ ಇಂಗ್ಲಿಷಿನಲ್ಲಿ, ಮಾತು ಮಲಯಾಳದಲ್ಲಿ, ಅತ್ತೆಗೆ ಎರಡೂ ಬರುದಿಲ್ಲ. ಕಾರಿನ ಬಗ್ಗೆ ಅವರು ತಾನಾಗಿ ಓದಿ ತಿಳ್ಕೊಳ್ಳುದು ಅಂತ ಇದ್ರೆ ಅದು ನಿಮ್ಮ ಪುಟ ಒಂದೇ, ಕನ್ನಡಕ ಹಾಕ್ಕೊಂಡು ಓದಿ ಮುಗಿಸಿ "ಇದರಲ್ಲಿ ನನಗೆ ಕೂತುಕೊಳ್ಳಿಕ್ಕೆ ಆಗ್ತದಾ ಅಂತ ಬರೆದೇ ಇಲ್ಲ" ಅಂತ ನನ್ನನ್ನು ಕೇಳ್ತಾರೆ.

ನಾವು ಇನ್ನೂ ಬುಕ್ ಮಾಡ್ಲಿಲ್ಲ. ಬರುವ ತಿಂಗಳು ಅತ್ತೆಯ ಚೆಕಪ್ಪಿಗೆ ಪುನಃ ಮಂಗಳೂರಿಗೆ ಹೋಗ್ಲಿಕ್ಕುಂಟು, ಈ ಸಲ ಟೇಪು ಬ್ಯಾಗಿಗೆ ಹಾಕ್ಕೊಂಡೇ ಹೋಗ್ತೇನೆ, ಬರುವ ದಾರಿಯಲ್ಲಿ ಎರಡು ಶೋರೂಮಿಗಾದ್ರೂ ಹೋಗಿ ವೀಲ್‌ಚೇರ್ ಸಮೇತ ಇಟ್ಟು ನೋಡ್ತೇವೆ. ಅಳೆದದ್ದನ್ನು ನಿಮಗೂ ಬರೆದು ಕಳಿಸ್ತೇನೆ.

ಇತಿ ನಿಮ್ಮ ಓದುಗರಲ್ಲಿ ಒಬ್ಬಳು,
ಪೆರ್ಲ, ಕಾಸರಗೋಡು ಜಿಲ್ಲೆ